ಎರಡು ಸಾಲಿನ ಪೆಟ್ಟಿಗೆ

ನಿಮ್ಮ ಸೊಸೆ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, ಮೊದಮೊದಲು ನಾನು ‘ಕಂಪ್ಯೂಟರಿನಲ್ಲಿ ಏನೋ ಮಾಡುತ್ತಾಳೆ’ ಎಂದು ಸಾಗಹಾಕುತ್ತಿದ್ದೆ. ನಿಜ ಹೇಳಿದರೆ ನಗುತ್ತಾರೆಂಬ ಭಯ. ಈಗ ಹೇಳುತ್ತೇನೆ, ನಗುವವರು ನಕ್ಕುಕೊಳ್ಳಲಿ. ಕೆಲವು ವಿಡಿಯೋ ಆಟಗಳಲ್ಲಿ ಒಬ್ಬ ನಾಯಕ ಊರೂರು ಅಲೆಯುತ್ತಾನೆ, ಸಿಕ್ಕಸಿಕ್ಕವರನ್ನೆಲ್ಲ ಮಾತಾಡಿಸುತ್ತಾನೆ. ಆಗ ಪರದೆಯ ಕೆಳಗಡೆ ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಎಡಕ್ಕೆ ಮಾತಾಡುವವನ ಮುಖ, ಮೇಲೆ ಅವನ ಹೆಸರು, ಒಳಗೆ ಅವನ ಮಾತು. ಆ ಮಾತನ್ನು ಆ ಪೆಟ್ಟಿಗೆಯೊಳಗೆ ಹಿಡಿಸುವುದು ನನ್ನ ಸೊಸೆಯ ಕೆಲಸ. ಒಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಾಳೆ.

ಅದೇನು ಮಹಾ ಎಂದು ನಾನೂ ಅಂದವಳೇ. ಒಂದು ದಿನ ಅವಳು ಹಾಳೆಯ ಮೇಲೆ ಗೀಟು ಹಾಕಿ ತೋರಿಸಿದಳು. ಆಟ ತಯಾರಿಸುವವರು ಬೇರೆ ದೇಶದವರು. ಅವರ ಅಕ್ಷರಗಳು ಗೆರೆಯ ಮೇಲೆ ಶಿಸ್ತಾಗಿ ಕೂರುತ್ತವೆ, ಹಾಗಾಗಿ ಪೆಟ್ಟಿಗೆಯಲ್ಲಿ ಮೂರು ಸಾಲು ಹಿಡಿಯುತ್ತವೆ. ನಮ್ಮ ಅಕ್ಷರಗಳಿಗೋ ತಲೆಯ ಮೇಲೊಂದು ಗುಡಿಸು, ಕಾಲ ಕೆಳಗೊಂದು ಒತ್ತು. ಮೂರು ಸಾಲು ಇಟ್ಟರೆ ಮೇಲಿನವರ ಕಾಲು ಕೆಳಗಿನವರ ತಲೆಗೆ ತಾಗುತ್ತದೆ. ಎರಡೇ ಸಾಲು ಇಡಬೇಕು. ಪೆಟ್ಟಿಗೆ ದೊಡ್ಡದು ಮಾಡಿ ಎಂದು ಕೇಳಿ ಆಗಿದೆ, ಅದು ಆಗದಂತೆ. ಇನ್ನೊಂದು ಪೆಟ್ಟಿಗೆ ಸೇರಿಸೋಣವೆಂದರೆ ಮುಖದ ಚಿತ್ರ, ಸದ್ದು ಎಲ್ಲವನ್ನೂ ಪೆಟ್ಟಿಗೆಗೆ ಇಷ್ಟೆಂದು ಮೊದಲೇ ಜೋಡಿಸಿರುತ್ತಾರಂತೆ. ಅಂದರೆ ಪ್ರತಿಯೊಬ್ಬರ ಮಾತಿನಲ್ಲೂ ಮೂರನೇ ಒಂದು ಪಾಲು ಕತ್ತರಿಸಿ ಎಸೆಯಬೇಕು, ಉಳಿದದ್ದು ಪೂರ್ತಿ ಮಾತಿನ ಹಾಗೆಯೇ ಕಾಣಬೇಕು. ನಾನು ಮೂವತ್ತೆಂಟು ವರ್ಷ ಶಾಲೆ ಮಕ್ಕಳ ಸಮವಸ್ತ್ರ ಹೊಲಿದವಳು. ಬಟ್ಟೆ ಕಡಿಮೆ ಬಿದ್ದರೆ ಏನು ಪಾಡು ಎಂಬುದು ನನಗೆ ಗೊತ್ತು. ಅವತ್ತಿನಿಂದ ಅವಳ ಕೆಲಸದ ಬಗ್ಗೆ ಹಗುರವಾಗಿ ಮಾತಾಡುವುದು ಬಿಟ್ಟೆ.

ಅವಳ ಆಫೀಸಿನಲ್ಲಿ ಮೇಲಿನವನೊಬ್ಬನಿದ್ದಾನೆ. ಇವಳ ಕುರ್ಚಿಯ ಹಿಂದೆ ಬಂದು ನಿಂತು, ಏನು ಬರೆದಿದ್ದರೂ ‘ಇನ್ನೂ ಎರಡು ಅಕ್ಷರ ಕತ್ತರಿಸಿ’ ಎನ್ನುತ್ತಾನಂತೆ. ಅವನಿಗೆ ಇವರೆಲ್ಲ ಕತ್ತರಿ ಸಾರ್ ಎಂದು ಹೆಸರಿಟ್ಟಿದ್ದಾರೆ. ಅಷ್ಟು ವರ್ಷ ಕತ್ತರಿ ಹಿಡಿದವಳು ನಾನು, ಹೆಸರು ಮಾತ್ರ ಅವನಿಗೆ!

ಇನ್ನು ನನ್ನ ವಿಷಯ. ಹದಿನಾಲ್ಕು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡೆ. ನಮ್ಮದು ಮೂರನೇ ಮಹಡಿಯ ಎರಡು ಕೋಣೆಯ ಮನೆ, ಲಿಫ್ಟ್ ಇಲ್ಲ. ಆಸ್ಪತ್ರೆಯಿಂದ ನಾಲ್ಕು ಜನ ಕುರ್ಚಿ ಸಮೇತ ಎತ್ತಿಕೊಂಡು ಬಂದು ಇಲ್ಲಿ ಇಳಿಸಿ, ಉಸ್ಸಪ್ಪಾ ಎಂದು ಬೆವರು ಒರೆಸಿಕೊಂಡು ಹೋದರು. ಅಂದಿನಿಂದ ನಾನು ಕೆಳಗಿಳಿದಿಲ್ಲ. ಹಾಸಿಗೆಯಿಂದ ಗಾಲಿಕುರ್ಚಿ, ಗಾಲಿಕುರ್ಚಿಯಿಂದ ಹಾಸಿಗೆ. ಕೋಣೆಯ ಬಾಗಿಲು ಕಿರಿದು, ಗಾಲಿಕುರ್ಚಿ ಆಚೆ ಹೋಗುವುದಿಲ್ಲ. ಕಿಟಕಿಯಲ್ಲಿ ಎದುರು ಕಟ್ಟಡದ ನೀರಿನ ಟ್ಯಾಂಕು ಕಾಣುತ್ತದೆ, ಅದೇ ನನ್ನ ಪ್ರಪಂಚ. ಹಗಲಲ್ಲಿ ಎದುರುಮನೆಯಾಕೆ ಎರಡು ಸಲ ಬಂದು ನೋಡಿ ಹೋಗುತ್ತಾಳೆ. ಉಳಿದದ್ದೆಲ್ಲ ಸೊಸೆಯದೇ.

ಮಗ ಅಂತ ಒಬ್ಬನಿದ್ದಾನೆ. ಐದು ವರ್ಷದ ಹಿಂದೆ ಇನ್ನೊಬ್ಬಳ ಜೊತೆ ಬೇರೆ ಕಡೆ ಸಂಸಾರ ಹೂಡಿದ. ಹೋಗುವಾಗ ಭೇದ ಮಾಡಲಿಲ್ಲ, ಹೆಂಡತಿಯನ್ನೂ ಬಿಟ್ಟ, ತಾಯಿಯನ್ನೂ ಬಿಟ್ಟ. ಅವತ್ತೇ ಅವಳು ಬಟ್ಟೆ ಬರೆ ಕಟ್ಟಿಕೊಂಡು ಹೊರಟಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಹೊರಡಲಿಲ್ಲ. ಯಾಕೆ ಎಂದು ನಾನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಅವಳಿಗೂ ನೆನಪಾಗಿ ಹೊರಟುಬಿಡುತ್ತಾಳೋ ಎಂಬ ದಿಗಿಲು. ಸೊಂಟ ಮುರಿದ ಮೇಲಂತೂ ಆ ದಿಗಿಲು ನನ್ನ ಜೊತೆಯೇ ಮಲಗಿ ನನ್ನ ಜೊತೆಯೇ ಏಳುತ್ತಿತ್ತು.

ಹಾಸಿಗೆ ಹಿಡಿದ ಎರಡನೇ ತಿಂಗಳಲ್ಲಿ ಅವಳು ಆಫೀಸಿನಿಂದ ಅಂಗೈಯಗಲದ ಆಟದ ಯಂತ್ರ ತಂದು ನನ್ನ ಕೈಗಿಟ್ಟಳು.

“ಇದೇನೇ, ನನ್ನನ್ನ ಚಿಕ್ಕ ಮಗು ಮಾಡ್ಬಿಟ್ಯಾ?”

“ಆಟ ಆಡೋಕಲ್ಲ ಅತ್ತೆ, ಓದೋಕೆ. ನಾನು ಕತ್ತರಿಸಿದ್ದನ್ನ ಇನ್ನೊಬ್ರು ಓದಿ ಅರ್ಥ ಆಯ್ತು ಅನ್ಬೇಕು. ಹಾಗಂತ ನಿಯಮ. ಆಫೀಸಲ್ಲಿ ಯಾರಿಗೂ ಪುರುಸೊತ್ತಿಲ್ಲ. ನಿಮಗೆ ಅರ್ಥ ಆದ್ರೆ ಊರಿಗೆಲ್ಲ ಅರ್ಥ ಆದ ಹಾಗೆ.”

ಇದು ಹೊಗಳಿಕೆಯೋ ಬೈಗುಳವೋ ಇವತ್ತಿಗೂ ನನಗೆ ತಿಳಿದಿಲ್ಲ. ಅಂತೂ ಕೆಲಸ ಒಪ್ಪಿಕೊಂಡೆ. ಪಟ್ಟಿಯಲ್ಲಿ ಪ್ರತಿ ಪೆಟ್ಟಿಗೆಯ ಮುಂದೆ ಎರಡು ಖಾಲಿ ಜಾಗ: ಕತ್ತರಿಸಿದವರದೊಂದು ಗುರುತು, ಓದಿದವರದೊಂದು ಗುರುತು. ಸಂಜೆ ಅವಳು ನನ್ನ ಪಕ್ಕ ಕೂತು ಪಟ್ಟಿ ಹಿಡಿಯುತ್ತಿದ್ದಳು, ನಾನು ಓದುತ್ತಿದ್ದೆ. ಹೂಂ ಅಂದರೆ ಅವಳೇ ಗುರುತು ಹಾಕುವಳು. ಹೀಗೆ ಒಂದು ಇಡೀ ರಾಜ್ಯದ ಜನರ ಮಾತು ನನ್ನ ಹೂಂ ಮೇಲೆ ನಿಂತಿತ್ತು.

ಆ ಪೆಟ್ಟಿಗೆಯಲ್ಲಿ ಮಾತು ಒಟ್ಟಿಗೆ ಬರುವುದಿಲ್ಲ. ಒಂದೊಂದೇ ಅಕ್ಷರ, ಟಕ ಟಕ ಎಂದು ಸದ್ದು ಮಾಡುತ್ತ ಬರುತ್ತದೆ. ಕಾವಲುಗಾರನದು ಬೇಗ, ಮುದುಕರದು ನಿಧಾನ. ಎರಡು ಸಾಲು ತುಂಬಿದ ಮೇಲೆ ಮೂಲೆಯಲ್ಲಿ ಚಿಕ್ಕ ತ್ರಿಕೋನ ಮಿಣುಕುತ್ತದೆ. ನಾನು ಹೇಳಿದ್ದಾಯಿತು, ನೀನು ಕೇಳಿದ್ದಾಯಿತಾ ಎಂದು ಅದರ ಅರ್ಥ. ಬಟನ್ ಒತ್ತಿದರೆ ಮುಂದಿನ ಮಾತು. ಆಹಾ, ಎಂಥ ಏರ್ಪಾಡು! ನಮ್ಮ ಮನೆಯಲ್ಲಿ ಇಂಥದ್ದೊಂದು ತ್ರಿಕೋನ ಇದ್ದಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತು ಎಂದುಕೊಂಡೆ. ಆದರೆ ತ್ರಿಕೋನ ಬರುವ ತನಕ ಕಾಯುವ ವ್ಯವಧಾನ ನನಗೆಲ್ಲಿ? ನನ್ನ ಕೋಪ ಯಾವತ್ತೂ ಮೂಗಿನ ತುದಿಯಲ್ಲೇ. ಅರ್ಧ ಸಾಲು ಬರುವಷ್ಟರಲ್ಲಿ ಒತ್ತುತ್ತಿದ್ದೆ. ಒಂದು ಸಲ ಒತ್ತಿದರೆ ಉಳಿದದ್ದು ದಡಕ್ಕನೆ ಬರುತ್ತದೆ, ಎರಡು ಸಲ ಒತ್ತಿದರೆ ಆ ಮಾತೇ ಹೋಗಿ ಮುಂದಿನದು ಬರುತ್ತದೆ.

“ಅತ್ತೆ, ಪೂರ್ತಿ ಹೇಳೋಕೆ ಬಿಡಿ ಪಾಪ.”

“ಏನು ಹೇಳ್ತಾನೆ ಅಂತ ಗೊತ್ತಾಯ್ತು ಬಿಡೇ. ಎಷ್ಟೊಂದು ಕೊರೀತಾನೆ!”

“ಎರಡು ಸಾಲು ಅತ್ತೆ! ಎರಡು ಸಾಲಿಗೆ ಕೊರೀತಾನೆ ಅಂತೀರಲ್ಲ!”

ಅವಳು ನಗುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ. ಅದಕ್ಕೆಂದೇ ನಾನು ಕೆಲವು ಸಲ ಬೇಕುಬೇಕೆಂದೇ ಬೇಗ ಒತ್ತುತ್ತಿದ್ದೆ.

ಒಂದು ಕಡೆ ರಾಜ ನಾಯಕನನ್ನು ಕೇಳುತ್ತಾನೆ, ಈ ಕೆಲಸ ಒಪ್ಪುತ್ತೀಯಾ ಎಂದು. ಕೆಳಗೆ ಮೂರು ಉತ್ತರ: ಒಪ್ಪಿದೆ, ಯೋಚಿಸಬೇಕು, ಒಲ್ಲೆ. ನಾನು ಒಲ್ಲೆ ಎಂದೆ. ರಾಜ ‘ನಿನ್ನ ವಿನಯ ಮೆಚ್ಚಿದೆ, ಹೊರಡು’ ಎಂದ. ಹಿಂದಕ್ಕೆ ಬಂದು ಯೋಚಿಸಬೇಕು ಎಂದೆ. ‘ನಿನ್ನ ಜಾಣ್ಮೆ ಮೆಚ್ಚಿದೆ, ಹೊರಡು’ ಎಂದ. ನನಗೆ ಮೈಯೆಲ್ಲ ಉರಿಯಿತು.

“ಏನೇ ಇದು ಮೋಸ! ಏನಂದ್ರೂ ಹೊರಡು ಅಂತಾನಲ್ಲ, ಮತ್ತೆ ಕೇಳೋದ್ಯಾಕೆ?”

“ಆಡೋರಿಗೆ ತಮ್ಮನ್ನೂ ಒಂದು ಮಾತು ಕೇಳಿದ್ರು ಅನ್ನಿಸ್ಬೇಕಲ್ಲ ಅತ್ತೆ” ಎಂದು ಅವಳು ಪಟ್ಟಿಯಿಂದ ತಲೆಯೆತ್ತದೆ ಹೇಳಿದಳು. ಅವಳ ಮದುವೆ ಗೊತ್ತು ಮಾಡಿದ ದಿನ ನಾನು ಅವಳನ್ನು ‘ನಿನಗೆ ಒಪ್ಪಿಗೆ ತಾನೇ ಮಗಳೇ’ ಎಂದು ಕೇಳಿದ್ದೆ. ಆಗಲೇ ಹಾಲ್ ಗೊತ್ತು ಮಾಡಿ ಆಗಿತ್ತು.

ಈ ವರ್ಷದ ಆರಂಭದಲ್ಲಿ, ಒಂದು ರಜೆಯ ಬೆಳಿಗ್ಗೆ, ಅವಳು ನನ್ನ ತಲೆ ಬಾಚುತ್ತ ಹೇಳಿದಳು:

“ಅತ್ತೆ, ಒಂದ್ಕಡೆ ಅರ್ಜಿ ಹಾಕಿದೀನಿ.”

“ಎಂಥ ಅರ್ಜಿ?”

“ಕೆಲಸಕ್ಕೆ. ಅಲ್ಲಿ ಆಟಾನೂ ಅವರೇ ಮಾಡ್ತಾರೆ. ಮಾತು ಮೊದ್ಲು ನಮ್ಮ ಭಾಷೇಲೇ ಬರೀತಾರೆ, ಆಮೇಲೆ ಅದರ ಅಳತೆಗೆ ಪೆಟ್ಟಿಗೆ ಮಾಡ್ತಾರಂತೆ. ಬರೆಯೋ ಕೆಲಸ ಅತ್ತೆ. ಒಂಬತ್ತು ವರ್ಷದಿಂದ ಬರೀ ಬೇರೆಯವರ ಮಾತು ಕತ್ತರಿಸಿದೀನಿ. ಒಂದು ಪೆಟ್ಟಿಗೆ, ಒಂದೇ ಒಂದು ಪೆಟ್ಟಿಗೆ ನಾನೇ ಬರೀಬೇಕು ಅಂತ ಆಸೆ.”

“ಎಲ್ಲಿ ಅದು?”

“ಬಸ್ಸಲ್ಲಿ ಒಂಬತ್ತು ಗಂಟೆ.”

ನನ್ನ ಗತಿ ಏನು ಎಂದು ಕೇಳಬೇಕಿತ್ತು, ಬಾಯಿಗೆ ಬಂದದ್ದು ಬೇರೆ. “ಸಾಕು ಬಾಚಿದ್ದು, ನೋಯ್ತಿದೆ” ಎಂದು ಗೋಡೆ ಕಡೆ ತಿರುಗಿಕೊಂಡೆ. ಅವಳು ಬಾಚಣಿಗೆಯಲ್ಲಿ ಸಿಕ್ಕಿದ ಕೂದಲು ಬಿಡಿಸಿಕೊಂಡು ಎದ್ದು ಹೋದಳು. ಮಾತು ಅಲ್ಲಿಗೆ ನಿಂತಿತು.

ಆಯ್ಕೆಯಾದವರಿಗೆ ಮಾತ್ರ ಫೋನು ಬರುತ್ತದಂತೆ, ಉಳಿದವರಿಗೆ ಏನೂ ಬರುವುದಿಲ್ಲವಂತೆ. ಆಫೀಸಿನಲ್ಲಿ ಕತ್ತರಿ ಸಾರ್ ಬೆನ್ನ ಹಿಂದೆ ನಿಂತಿರುವಾಗ ಇನ್ನೊಂದು ಕೆಲಸದ ಮಾತಾಡುವ ಹಾಗುಂಟೇ? ಹಾಗಾಗಿ ಅರ್ಜಿಯಲ್ಲಿ ಮನೆಯ ಫೋನಿನ ನಂಬರು ಕೊಟ್ಟಿದ್ದಳು. ಆ ಫೋನು ಇರುವುದು ನನ್ನ ತಲೆದಿಂಬಿನ ಪಕ್ಕದ ಸ್ಟೂಲಿನ ಮೇಲೆ. “ಯಾರಾದ್ರೂ ಫೋನ್ ಮಾಡಿದ್ರೆ ಏನು ಹೇಳ್ತಾರೋ ಪೂರ್ತಿ ಬರ್ಕೊಳ್ಳಿ ಅತ್ತೆ” ಎಂದು ಹಾಳೆ, ಪೆನ್ನು ಇಟ್ಟು ಹೋದಳು. ಪ್ರತಿ ದಿನ ಹೋಗುವಾಗ ಪೆನ್ನು ಬರೆಯುತ್ತದೋ ಇಲ್ಲವೋ ಎಂದು ಗೀಚಿ ನೋಡುತ್ತಿದ್ದಳು.

ಒಂದು ಮಂಗಳವಾರ ಹನ್ನೊಂದು ಗಂಟೆಗೆ ಫೋನು ಬಂತು.

ಹೆಂಗಸಿನ ದನಿ, ಬಹಳ ಮರ್ಯಾದೆಯ ಹೆಂಗಸು. ಸೊಸೆಯ ಹೆಸರು ಹೇಳಿ, ಇದ್ದಾರಾ ಎಂದಳು. ಆಫೀಸಿಗೆ ಹೋಗಿದ್ದಾಳೆ, ನಾನು ಅವಳ ಅತ್ತೆ ಎಂದೆ. ಓಹೋ, ನಮಸ್ಕಾರ ಅಮ್ಮ ಎಂದಳು.

“ಒಳ್ಳೆ ಸುದ್ದಿ ಅಮ್ಮ. ನಿಮ್ಮ ಸೊಸೇನ ನಾವು ತಗೊಂಡಿದೀವಿ. ಮುಂದಿನ ತಿಂಗಳು ಹದಿನೈದರೊಳಗೆ ಬಂದು ಸೇರ್ಬೇಕು. ಆಮೇಲೆ ಮನೆ ವಿಷಯ ಒಂದು...”

“ಅವಳು ಬರಲ್ಲ” ಎಂದೆ.

“ಏನಂದ್ರಿ?”

“ಮನೇಲಿ ತೊಂದ್ರೆ ಇದೆ. ಅವಳು ಬರಲ್ಲ. ಬೇರೆಯವರನ್ನ ನೋಡ್ಕೊಳ್ಳಿ” ಎಂದು ಫೋನು ಇಟ್ಟುಬಿಟ್ಟೆ.

ಮುಚ್ಚಿಡುವುದಿಲ್ಲ, ಮೊದಲು ಆದದ್ದು ಸಮಾಧಾನವೇ. ಮನೆಯ ಮಾತು ಬೇರೆ ಎತ್ತಿದ್ದಳಲ್ಲ, ಇವಳಿಗೆ ಅಲ್ಲೊಂದು ಮನೆಯನ್ನೂ ನೋಡಿಟ್ಟಿದ್ದಾರೆ ಎಂದು ಸಿಟ್ಟು ಬಂದಿತ್ತು. ಹಾಳೆ ಖಾಲಿಯೇ ಇತ್ತು. ಅರ್ಧ ಗಂಟೆಯ ಮೇಲೆ ಎದುರುಮನೆಯಾಕೆ ಬಂದು “ಯಾಕ್ರೀ ಬೆವರಿದೀರಾ” ಎಂದಾಗಲೇ ನನಗೆ ನನ್ನ ಮೈ ಒದ್ದೆಯಾಗಿರುವುದು ಗೊತ್ತಾದದ್ದು.

ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು, “ಫೋನ್ ಬಂತಾ ಅತ್ತೆ?”

“ಇಲ್ಲ.”

ಒಂದು ದಿನ ಹೇಳಿದ ಸುಳ್ಳನ್ನು ಮರುದಿನ ಮತ್ತೆ ಹೇಳಬೇಕಾಗುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಇಪ್ಪತ್ತು ದಿನ ಅವಳು ಅದೇ ಪ್ರಶ್ನೆ ಕೇಳಿದಳು, ಇಪ್ಪತ್ತು ದಿನ ನಾನು ಅದೇ ಉತ್ತರ ಕೊಟ್ಟೆ. ಆಟದಲ್ಲಿ ಬಾವಿಕಟ್ಟೆಯ ಬಳಿ ನಿಂತಿರುವ ಮುದುಕಿಯೊಬ್ಬಳಿದ್ದಾಳೆ, ಎಷ್ಟು ಸಲ ಮಾತಾಡಿಸಿದರೂ ಒಂದೇ ಮಾತು ಹೇಳುತ್ತಾಳೆ. ನಾನು ಅವಳೇ ಆಗಿಬಿಟ್ಟೆ. ಬರಬರುತ್ತ ಸೊಸೆ ಬಾಯಲ್ಲಿ ಕೇಳುವುದನ್ನು ಬಿಟ್ಟು ಬರೀ ಹಾಳೆಯ ಕಡೆ ನೋಡುತ್ತಿದ್ದಳು. ಖಾಲಿ ಹಾಳೆ. ಆಮೇಲೆ ಅದನ್ನೂ ನೋಡದಾದಳು. ಒಂದು ದಿನ ಆ ಹಾಳೆಯ ಮೇಲೆ ದಿನಸಿಯ ಪಟ್ಟಿ ಬರೆದುಕೊಂಡು ಹೋದಳು.

“ಇನ್ನೊಂದ್ಸಲ ಅವರನ್ನೇ ಕೇಳ್ಬಾರ್ದಾ?” ಎಂದಳು ಎದುರುಮನೆಯಾಕೆ ಒಮ್ಮೆ, ನನ್ನ ಮುಂದೆಯೇ.

“ಬೇಡಾಂತ ಅಂದೋರ ಹತ್ರ ಯಾಕೆ ಬೇಡಾಂದ್ರಿ ಅಂತ ಕೇಳೋದಾ ಅಕ್ಕಾ? ಅಷ್ಟು ಯೋಗ್ಯತೆ ಇಲ್ಲ ಅನ್ಸುತ್ತೆ ನನಗೆ” ಎಂದಳು ಸೊಸೆ. ಕೋಪದಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನಂಬಿಕೊಂಡು ಹೇಳಿದಳು.

ಆ ದಿನಗಳಲ್ಲಿಯೇ ಹೊಸ ಆಟದ ಕೆಲಸ ಮುಗಿಸುವ ಗಡಿಬಿಡಿ. ಅವಳು ಕತ್ತರಿಸುತ್ತಿದ್ದಳು, ನಾನು ಓದುತ್ತಿದ್ದೆ, ಇಬ್ಬರ ಮನಸ್ಸೂ ಅಲ್ಲಿರಲಿಲ್ಲ. ಪಕ್ಕದಲ್ಲಿ ಕೂತ ಅವಳ ಮುಖ ನೋಡುವುದು ನನಗೆ ಆಗುತ್ತಿರಲಿಲ್ಲ, ಬೇಗ ಮುಗಿದರೆ ಸಾಕೆಂದು ಟಕಟಕ ಒತ್ತಿ ಹೂಂ ಹೂಂ ಎನ್ನುತ್ತಿದ್ದೆ. ನಿಧಾನಕ್ಕೆ ಓದಿ ಎಂದು ಅವಳೂ ಹೇಳುತ್ತಿರಲಿಲ್ಲ. ನಗುವಂತೂ ಇಲ್ಲವೇ ಇಲ್ಲ.

ಆಟ ಬಿಡುಗಡೆಯಾದ ಐದನೇ ದಿನ ಅವಳು ಮಧ್ಯಾಹ್ನಕ್ಕೇ ಮನೆಗೆ ಬಂದಳು. ಮುಖ ಸುಣ್ಣದ ಹಾಗೆ ಬಿಳಚಿಕೊಂಡಿತ್ತು. ಏನಾಯಿತು ಎಂದರೆ, ಆಟದಲ್ಲಿ ನಾಯಕ ಒಂದು ಹಿಟ್ಟಿನ ಗಿರಣಿಯ ನೆಲಮಾಳಿಗೆಗೆ ಇಳಿಯುತ್ತಾನೆ, ಹಿಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಅಲ್ಲಿರುವ ಗಿರಣಿಯವನನ್ನು ಮಾತಾಡಿಸಿದರೆ ಹೊರಬರುವ ದಾರಿ ಹೇಳುತ್ತಾನೆ. ಮೂಲದಲ್ಲಿದ್ದ ಮೂರು ಸಾಲಿನ ಮಾತು ಇದು: ಈ ಬಾಗಿಲು ತಳ್ಳಿದರೆ ತೆರೆಯದು, ಮೂರು ಸಲ ತಟ್ಟಬೇಕು, ತಟ್ಟಿದ ಮೇಲೆ ಕದಲದೆ ನಿಂತಿರಬೇಕು. ಸೊಸೆ ಮೊದಲ ಎರಡು ಮಾತು ಉಳಿಸಿ ಮೂರನೆಯದನ್ನು ಕತ್ತರಿಸಿದ್ದಳು. ಕಾಗದದ ಮೇಲೆ ನೋಡಿದರೆ ಏನೂ ಕೊರತೆಯಿಲ್ಲ. ಆದರೆ ಆಡುವವರು ಸುಮ್ಮನೆ ನಿಲ್ಲುತ್ತಾರೆಯೇ? ತಟ್ಟುತ್ತಾರೆ, ಅತ್ತ ಓಡುತ್ತಾರೆ, ಇತ್ತ ಓಡುತ್ತಾರೆ. ಬಾಗಿಲು ತೆರೆಯುವುದಿಲ್ಲ. ನಮ್ಮ ಭಾಷೆಯಲ್ಲಿ ಆಡಿದ ಸಾವಿರಾರು ಜನ ಆ ನೆಲಮಾಳಿಗೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರು.

ಬಂದ ದೂರುಗಳಿಗೆಲ್ಲ ಅವಳೇ ಕ್ಷಮೆ ಕೇಳಿ ಉತ್ತರ ಬರೆಯಬೇಕೆಂದು ಕತ್ತರಿ ಸಾರ್ ಆಜ್ಞೆಯಾಗಿತ್ತು. ನನ್ನ ಹಾಸಿಗೆಯ ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೊಂದನ್ನೇ ಓದಿದಳು. ಒಬ್ಬರು ಬರೆದಿದ್ದರು: ‘ನಾಲ್ಕು ದಿನದಿಂದ ಒಳಗಿದ್ದೇನೆ. ಗಿರಣಿಯವನನ್ನು ಎಂಬತ್ತು ಸಲ ಮಾತಾಡಿಸಿದೆ. ಅದನ್ನೇ ಹೇಳುತ್ತಾನೆ. ಅವನ ಮುಖ ಕಂಡರೆ ಈಗ ಕೊಲ್ಲಬೇಕೆನ್ನಿಸುತ್ತದೆ.’ ನನಗೆ ನಗು ಬಂತು. ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡೆ.

“ಅಷ್ಟೊಂದು ಜನ ಅತ್ತೆ. ಹೇಳೋ ಮಾತು ಇತ್ತು. ನಾನು ತೆಗೆದೆ. ಅವರು ತಮಗೇ ಬುದ್ಧಿ ಇಲ್ಲ ಅಂದ್ಕೊಂಡು ಕೂತಿದಾರೆ, ನೋಡಿ. ಈಕೆ ಬರ್ದಿದಾರೆ, ನಾನು ಇಂಥ ಆಟಕ್ಕೆ ಲಾಯಕ್ಕಿಲ್ಲವೇನೋ ಅಂತ.”

ಅದನ್ನು ಹೇಳುತ್ತ ಅವಳು ಅತ್ತಳು. ಗಂಡ ಬಿಟ್ಟು ಹೋದಾಗ ನನ್ನೆದುರು ಅಳದವಳು, ಕಾಣದ ಊರಿನ ಯಾವಳಿಗಾಗಿಯೋ ಅತ್ತಳು.

“ಆ ಪೆಟ್ಟಿಗೇನ ನಾನೂ ಓದಿದ್ನಲ್ಲೇ” ಎಂದೆ ಮೆಲ್ಲಗೆ.

“ಹೂಂ ಅಂದ್ರಿ.”

“ಆ ಕತ್ತರಿ ಸಾರ್ ಕೇಳ್ಲಿಲ್ವಾ, ಓದಿದವರು ಯಾರು ಅಂತ?”

“ಕೇಳಿದ್ರು. ಎರಡು ಗುರುತೂ ನನ್ನದೇ ಅಂದೆ.” ಮೂಗು ಒರೆಸಿಕೊಂಡಳು. “ನಿಯಮ ಮುರಿದ ಹಾಗಾಯ್ತು. ಇನ್ನೊಂದು ವರ್ಷ ನನಗೆ ಮಾತು ಕೊಡಲ್ವಂತೆ. ಸಾಮಾನಿನ ಹೆಸರು ಮಾತ್ರ. ಕತ್ತಿ, ಹಗ್ಗ, ಔಷಧಿ ಸೀಸೆ. ಬರೀ ಹೆಸರು ಹಿಡಿಸೋದು.”

ಅಷ್ಟು ಹೇಳಿ ಮತ್ತೆ ಉತ್ತರ ಬರೆಯತೊಡಗಿದಳು. ತಪ್ಪು ನನ್ನದು, ತಟ್ಟಿದ ಮೇಲೆ ಕದಲದೆ ನಿಂತಿರಿ, ಬಾಗಿಲು ತೆರೆಯುತ್ತದೆ, ದಯವಿಟ್ಟು ಕ್ಷಮಿಸಿ. ಒಂದನ್ನು ಕಳಿಸುವುದು, ಇನ್ನೊಂದನ್ನು ತೆರೆಯುವುದು. ನಕಲು ಮಾಡಿ ಎಲ್ಲರಿಗೂ ಒಂದೇ ಕಳಿಸಬಹುದಿತ್ತು. ಒಬ್ಬೊಬ್ಬರಿಗೂ ಹೊಸದಾಗಿ ಬರೆಯುತ್ತಿದ್ದಳು. ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಎದ್ದು ಆಚೆ ಹೋಗೋಣವೆಂದರೆ ಕಾಲಿಲ್ಲ. ಹೋಗು ಎಂದು ಅವಳಿಗೆ ಹೇಳೋಣವೆಂದರೆ ಇರುವುದು ಎರಡು ಕೋಣೆ, ಇನ್ನೊಂದರಲ್ಲಿ ಒಗೆದ ಬಟ್ಟೆ ಹರವಿದೆ. ಅವಳ ಬೆರಳಿನ ಸದ್ದು ಕೇಳುತ್ತ ಬಿದ್ದಿರಬೇಕು. ನಾಚಿಕೆ ಎಂದರೆ ಏನು ಎಂದು ಎಪ್ಪತ್ತೊಂದನೇ ವಯಸ್ಸಿನಲ್ಲಿ ಕಲಿತೆ. ಇಪ್ಪತ್ತು ಉತ್ತರ ಬರೆಯುವ ತನಕ ತಡೆದೆ. ಇಪ್ಪತ್ತೊಂದನೆಯದಕ್ಕೆ ಬಾಯಿ ಬಿಟ್ಟೆ.

“ನಿನಗೆ ಫೋನ್ ಬಂದಿತ್ತು.”

ಅವಳ ಬೆರಳು ನಿಂತಿತು.

“ಆ ಕೆಲಸದವರು. ತಗೊಂಡಿದೀವಿ ಅಂದ್ರು. ನಾನು, ಅವಳು ಬರಲ್ಲ ಅಂದ್ಬಿಟ್ಟೆ.”

“ಯಾವತ್ತು?”

“ಎರಡು ತಿಂಗಳಾಯ್ತು. ಮಂಗಳವಾರ.”

ಕಿರುಚುತ್ತಾಳೆ ಎಂದುಕೊಂಡೆ. ಕಿರುಚಲಿ ಎಂದೇ ಬೇಡಿಕೊಂಡೆ. ಅವಳು ನನ್ನನ್ನು ನೋಡಿದಳು. ಆಟದವರು ಒಬ್ಬೊಬ್ಬರಿಗೆ ಐದೈದು ಮುಖ ಬರೆದಿಟ್ಟಿರುತ್ತಾರೆ: ಕೋಪದ್ದು, ನಗೆಯದ್ದು, ಅಳುವಿನದ್ದು. ಇದು ಆ ಐದರಲ್ಲಿ ಯಾವುದೂ ಆಗಿರಲಿಲ್ಲ. ಎದ್ದು ಬಂದು, ನನ್ನ ತಲೆಯ ಮೇಲಿನಿಂದ ಕೈ ಚಾಚಿ ಫೋನೆತ್ತಿ, ನಂಬರು ಒತ್ತಿದಳು. ಚೀಟಿ ಏನೂ ನೋಡಲಿಲ್ಲ. ನಂಬರು ಬಾಯಿಪಾಠ ಆಗಿತ್ತು ಅವಳಿಗೆ.

ಅವಳ ಕಡೆಯ ಮಾತು ಮಾತ್ರ ನನಗೆ ಕೇಳಿಸಿತು. ಹೌದು ನಾನೇ. ಇಲ್ಲ, ನನಗೆ ಹೇಳಿರಲಿಲ್ಲ. ಹೌದು ಹೌದು. ಓ. ಯಾವಾಗ ಸೇರಿದರು? ಓ, ಸರಿ. ಆಮೇಲೆ ಬಹಳ ಹೊತ್ತು ಆ ಕಡೆಯವಳೇ ಮಾತಾಡಿದಳು, ಇವಳು ಗೋಡೆ ನೋಡುತ್ತ ನಿಂತಿದ್ದಳು. “ಪರವಾಗಿಲ್ಲ ಮೇಡಂ, ನಿಮ್ಮ ತಪ್ಪೇನಿದೆ” ಎಂದು ಫೋನು ಇಟ್ಟಳು.

“ಬೇರೆಯವರು ಬಂದಾಯ್ತು. ಹೋದ ವಾರ ಸೇರಿದ್ರಂತೆ.”

“ನನಗೆ ಹೆದರಿಕೆ ಆಯ್ತೇ” ಎಂದೆ. ದನಿ ನನ್ನದೇ ಎಂದು ನನಗೆ ಗುರುತು ಸಿಗಲಿಲ್ಲ. “ನೀನು ಹೋಗ್ಬಿಟ್ರೆ ನನ್ನನ್ನ ಯಾರು ನೋಡ್ತಾರೆ ಅಂತ ಹೆದರಿಕೆ ಆಯ್ತು. ಹೊಡಿ ಬೇಕಾದ್ರೆ. ಏನಾದ್ರೂ ಅನ್ನು.”

ಅವಳು ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕಿಟ್ಟಳು.

“ಅವರು ಅವತ್ತೇ ನಿಮ್ಗೆ ಮನೆ ವಿಷಯ ಹೇಳೋಕೆ ಹೋದ್ರಂತೆ, ನೀವು ಫೋನ್ ಇಟ್ಬಿಟ್ರಂತೆ.”

“ಯಾವ ಮನೆ?”

“ಅವರದ್ದೇ ವಸತಿ ಇದೆ. ಅರ್ಜೀಲಿ ನಾನು ಬರ್ದಿದ್ದೆ. ನಮ್ಮತ್ತೆ ಗಾಲಿಕುರ್ಚೀಲಿದಾರೆ, ಜೊತೆಗೇ ಕರ್ಕೊಂಡು ಬರ್ಬೇಕು, ಮೆಟ್ಟಿಲಿಲ್ಲದ ಮನೆ, ಅಗಲದ ಬಾಗಿಲು ಇದ್ರೆ ಮಾತ್ರ ಬರೋಕಾಗುತ್ತೆ ಅಂತ. ನಿಮಗೆ ಸಿಕ್ಕಿದ ಮೇಲೇ ಹೇಳೋಣ, ಸುಮ್ನೆ ಆಸೆ ಹುಟ್ಟಿಸೋದು ಬೇಡ ಅಂತಿದ್ದೆ.” ಸೆರಗಿನಿಂದ ಕಣ್ಣು ಒತ್ತಿಕೊಂಡಳು. “ಒಪ್ಪಿದ್ರಂತೆ ಅತ್ತೆ. ನೆಲಮಹಡಿ. ಬಾಗಿಲು ದಾಟಿದ್ರೆ ರಸ್ತೆಯಂತೆ. ಬಾಗಿಲ ಅಳತೇನೂ ತೆಗೆಸಿ ಇಟ್ಟಿದ್ರಂತೆ.”

ಆ ಮರ್ಯಾದೆಯ ಹೆಂಗಸಿಗೆ ಇನ್ನೊಂದು ಉಸಿರಿನಷ್ಟು ಹೊತ್ತು ಕೊಟ್ಟಿದ್ದರೆ ಸಾಕಿತ್ತು. ಹದಿನಾಲ್ಕು ತಿಂಗಳಿಂದ ನೀರಿನ ಟ್ಯಾಂಕು ನೋಡುತ್ತ ಬಿದ್ದವಳು ನಾನು, ಇಷ್ಟು ಹೊತ್ತಿಗೆ ರಸ್ತೆಯ ಬದಿಯಲ್ಲಿ ಕೂತು ಹೋಗುವ ಬರುವವರನ್ನು ಬೈದುಕೊಂಡು ಹಾಯಾಗಿರುತ್ತಿದ್ದೆ. ಅವಳು ಪಕ್ಕದ ಕೋಣೆಯಲ್ಲಿ ಬರೆಯುತ್ತಿರುತ್ತಿದ್ದಳು. ಅಳು ಬಂತು. ಅಳುವುದಕ್ಕೂ ನಾಚಿಕೆಯಾಯಿತು.

ಅವಳು ಒಳಗೆ ಹೋಗಿ ಬಿಸಿನೀರು ಇಟ್ಟು, ಟವೆಲು ಹೆಗಲಿಗೆ ಹಾಕಿಕೊಂಡು ಬಂದಳು. ನನ್ನ ಬೆನ್ನ ಕೆಳಗೆ ಒಂದು ಕೈ, ಮೊಣಕಾಲಿನ ಕೆಳಗೆ ಒಂದು ಕೈ ತೂರಿಸಿ ಬಗ್ಗಿದಳು.

“ಕುತ್ತಿಗೆ ಹಿಡ್ಕೊಳ್ಳಿ.”

“ಇವತ್ತು ಸ್ನಾನ ಬೇಡ ಕಣೇ.”

“ನಿನ್ನೇನೂ ಆಗಿಲ್ಲ. ಬೆನ್ನು ಹುಣ್ಣಾಗುತ್ತೆ ಅತ್ತೆ. ಹಿಡ್ಕೊಳ್ಳಿ.”

ಅವಳ ಮುಖ ನನ್ನ ಮುಖದಿಂದ ನಾಲ್ಕು ಬೆರಳು ದೂರದಲ್ಲಿತ್ತು. ನೋಡಲಾರದೆ ಕಣ್ಣು ಮುಚ್ಚಿಕೊಂಡು, ಎರಡೂ ಕೈಯಿಂದ ಅವಳ ಕುತ್ತಿಗೆ ಹಿಡಿದುಕೊಂಡೆ.